ರೋಜರ್ ದೊರೆಯ ಕೆಂಪು ಮೇಲುಹೊದಿಕೆ ಯಾವ ವರ್ಷದ್ದು? (ಸಿಸಿಲಿಯ ಓಟ್‌ವಿಲ್ ಮನೆತನ)

ಹೊಸಓದು

ಇಟಲಿಯ ದಕ್ಷಿಣಕ್ಕಿರುವ ಸಿಸಿಲಿ ದ್ವೀಪವನ್ನು ಆಳಿದ ನಾರ್ಮನ್ (ಉತ್ತರ ಫ್ರಾನ್ಸಿನ ನಾರ್ಮಂಡಿಯ) ಮನೆತನ ಓಟ್‌ವಿಲ್ ಕುರಿತು ಕನ್ನಡದಲ್ಲೊಂದು ಪರಿಚಯ ಲೇಖನ ಸಿದ್ಧವಾಗುತ್ತಿದೆ. ಕರಡಿನ ಮೂರು ವಾಕ್ಯ ಇಲ್ಲಿಡುತ್ತಿದ್ದೇನೆ. ತಿಳಿದವರು ತಿದ್ದಿ.

1. ಬಡ ಜಮೀನ್ದಾರನೊಬ್ಬನ ಹನ್ನೆರಡು ಗಂಡುಮಕ್ಕಳು ಕತ್ತಿಯ ಬಲದಿಂದ ದಕ್ಷಿಣ ಇಟಲಿಯನ್ನೂ ಸಿಸಿಲಿಯನ್ನೂ ಗೆದ್ದರು.
2. 1130ರಲ್ಲಿ ಇಮ್ಮಡಿ ರೋಜರ್ ಪಟ್ಟವೇರುವಾಗ ಹೊದ್ದ ಕೆಂಪು ರೇಷ್ಮೆಯ ಮೇಲುಹೊದಿಕೆ ಇಂದಿಗೂ ವಿಯೆನ್ನಾದಲ್ಲಿದೆ.
3. ಲ್ಯಾಟಿನ್, ಗ್ರೀಕ್, ಅರಬ್ಬಿ ಜನರನ್ನು ಸಮಾನವಾಗಿ ಕಂಡ ಈ ಮನೆತನ ಮಧ್ಯಯುಗದ ಸಹಿಷ್ಣುತೆಗೆ ಮಾದರಿ.

ಎರಡನೆಯದರಲ್ಲಿ ಅನುಮಾನವಿಲ್ಲ. ಒಂದು ಮತ್ತು ಮೂರನ್ನು ನೋಡಿ ಹೇಳಿ.

ದಫ್ತರಖಾನೆ

ಅನುಮಾನವಿಲ್ಲ ಅಂದ ವಾಕ್ಯದಲ್ಲೇ ತಪ್ಪಿದೆ. ಆ ಹೊದಿಕೆಯ ಅಂಚಿನುದ್ದಕ್ಕೂ ಕೂಫಿ ಲಿಪಿಯಲ್ಲಿ ಚಿನ್ನದ ದಾರದ ಅರಬ್ಬಿ ಬರಹವಿದೆ. ಅರಮನೆಯ ಕಾರ್ಖಾನೆಯಲ್ಲಿ, ಸಿಸಿಲಿಯ ರಾಜಧಾನಿಯಲ್ಲಿ, 528ನೇ ವರ್ಷದಲ್ಲಿ ತಯಾರಾಯಿತು ಎಂದು ಅದೇ ಹೇಳುತ್ತದೆ. 528 ಹಿಜರಿ ವರ್ಷ. ಲೆಕ್ಕ ಹೀಗೆ: ಹಿಜರಿ ಸಂಖ್ಯೆಯನ್ನು 0.970224ರಿಂದ ಗುಣಿಸಿ, 621.5774 ಕೂಡಿಸಿ. 528ಕ್ಕೆ 512.28 ಬರುತ್ತದೆ, ಕೂಡಿದರೆ 1133.86. ಅಂದರೆ ಆ ವರ್ಷ ಶುರುವಾಗಿದ್ದು 1133ರ ನವೆಂಬರ್ ಆರಂಭದಲ್ಲಿ, ಮುಗಿದದ್ದು 1134ರ ಅಕ್ಟೋಬರ್‌ನಲ್ಲಿ. ಪಟ್ಟಾಭಿಷೇಕ ನಡೆದದ್ದು 1130ರ ಡಿಸೆಂಬರ್ 25ರಂದು, ಅದೇ ರಾಜಧಾನಿ ಪಲೆರ್ಮೊದಲ್ಲಿ. ಪಟ್ಟವೇರಿ ಮೂರು ವರ್ಷವಾದ ಮೇಲೆ ನೇಯ್ದ ಬಟ್ಟೆಯನ್ನು ಪಟ್ಟದ ದಿನ ಹೊದೆಯುವುದು ಹೇಗೆ?

ಸೂತ್ರದಿಂದ ಬರುವುದು ಗ್ರೆಗೋರಿಯನ್ ತಾರೀಖು ಎಂಬುದನ್ನು ಮರೆಯಬೇಡಿ. 12ನೇ ಶತಮಾನದ ಜೂಲಿಯನ್ ತಾರೀಖು ಬೇಕಾದರೆ 7 ದಿನ ಕಳೆಯಬೇಕು. ವರ್ಷ ಪತ್ತೆಗೆ ಇದರಿಂದ ತೊಂದರೆಯಿಲ್ಲ, ದಿನ ಪತ್ತೆಗೆ ಬೇಕೇ ಬೇಕು.

ಮೊಸಾಯಿಕ್‌ಮನೆ

‘ಪಟ್ಟಾಭಿಷೇಕದ ಹೊದಿಕೆ’ ಎಂಬ ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಆದರೆ ಪಟ್ಟ ರೋಜರನದ್ದಲ್ಲ. 1194ರಲ್ಲಿ ಜರ್ಮನ್ ಚಕ್ರವರ್ತಿ ಆರನೇ ಹೆನ್ರಿ ಸಿಸಿಲಿಯನ್ನು ಕೈವಶ ಮಾಡಿಕೊಂಡ ಮೇಲೆ ಅರಮನೆಯ ಭಂಡಾರ ಆಲ್ಪ್ಸ್ ದಾಟಿತು. ಆಮೇಲೆ ಪವಿತ್ರ ರೋಮನ್ ಚಕ್ರವರ್ತಿಗಳು ತಮ್ಮ ಪಟ್ಟಕ್ಕೆ ಇದನ್ನೇ ಹೊದೆಯತೊಡಗಿದರು, 1792ರ ಕೊನೆಯ ಪಟ್ಟದವರೆಗೂ. ಹೊದಿಕೆ ಪಟ್ಟದ್ದು ಹೌದು, ಪಟ್ಟ ಬೇರೆಯವರದು.

ಲೇಖನದಲ್ಲಿ ವರ್ಣನೆ ಹಾಕುವುದಾದರೆ: ಅರ್ಧವೃತ್ತದ ಆಕಾರ, ಅಗಲ ಸುಮಾರು 345 ಸೆಂ.ಮೀ., ಎತ್ತರ ಸುಮಾರು 146 ಸೆಂ.ಮೀ. ನಡುವೆ ಖರ್ಜೂರದ ಮರ. ಮರಕ್ಕೆ ಬೆನ್ನು ಮಾಡಿ ಎರಡು ಸಿಂಹ, ಪ್ರತಿಯೊಂದೂ ಒಂದೊಂದು ಒಂಟೆಯನ್ನು ಮೆಟ್ಟಿ ನಿಂತಿದೆ. ಹೊದ್ದಾಗ ಮರದ ಬೊಡ್ಡೆ ಬೆನ್ನುಹುರಿಯ ಮೇಲೆ ಕೂರುತ್ತದೆ, ಸಿಂಹಗಳು ಎರಡು ಭುಜದಿಂದ ಮುಂದಕ್ಕೆ ಬರುತ್ತವೆ. ಹರಡಿಟ್ಟ ಫೋಟೋ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಸಿಂಹ ಅಂದರೆ ನಾರ್ಮನ್, ಒಂಟೆ ಅಂದರೆ ಸೋತ ಅರಬ್ಬರು ಎಂದು ಹಲವರು ಬರೆಯುತ್ತಾರೆ. ಅರಬ್ಬಿ ಕುಶಲಕರ್ಮಿಗಳೇ ಅರಬ್ಬಿ ಹಾರೈಕೆಯ ಜೊತೆ ನೇಯ್ದ ಬಟ್ಟೆಗೆ ಅಷ್ಟು ಸರಳ ಅರ್ಥ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಸಿಂಹ ಬೇಟೆಯನ್ನು ಮೆಟ್ಟುವ ಚಿತ್ರ ಪಶ್ಚಿಮ ಏಷ್ಯಾದಲ್ಲಿ ಬಹಳ ಹಳೆಯದು.

ತೂಕಡಿಸುವ_ಗೂಬೆ

ಹೊಸಓದು ಅವರೇ, ಒಂದನೇ ವಾಕ್ಯದಲ್ಲೂ ‘ಹನ್ನೆರಡು ಮಕ್ಕಳು ಗೆದ್ದರು’ ಅಂತಿದೆ. ಹನ್ನೆರಡೂ ಜನ ಇಟಲಿಗೆ ಹೋಗಲೇ ಇಲ್ಲವಲ್ಲ!

ವಂಶವೃಕ್ಷ

ಹೌದು. ನಾರ್ಮಂಡಿಯ ಕೊಟಾಂಟೆನ್ ಪರ್ಯಾಯದ್ವೀಪದಲ್ಲಿ ಓಟ್‌ವಿಲ್ ಎಂಬ ಊರಿನ ಯಜಮಾನ ಟ್ಯಾಂಕ್ರೆಡ್. ಇಬ್ಬರು ಹೆಂಡಿರು. ಮ್ಯೂರಿಯೆಲ್ಲಾಳಿಂದ ಐವರು: ‘ಉಕ್ಕಿನ ತೋಳಿನ’ ವಿಲಿಯಂ, ಡ್ರೋಗೊ, ಹಂಫ್ರಿ, ಜೆಫ್ರಿ, ಸೆರ್ಲೊ. ಫ್ರೆಸೆಂಡಾಳಿಂದ ಏಳು ಜನ. ಅವರಲ್ಲಿ ಹಿರಿಯ ರಾಬರ್ಟ್ ಗಿಸ್ಕಾರ್, ಕಿರಿಯ ರೋಜರ್ (ಒಂದನೇ ರೋಜರ್, ದೊರೆ ಇಮ್ಮಡಿ ರೋಜರನ ತಂದೆ). ಸೆರ್ಲೊನಂಥವರು ಊರಲ್ಲೇ ಉಳಿದರು. ಇತಿಹಾಸದಲ್ಲಿ ತೂಕವಿರುವುದು ಐವರಿಗೆ: ವಿಲಿಯಂ, ಡ್ರೋಗೊ, ಹಂಫ್ರಿ, ರಾಬರ್ಟ್, ರೋಜರ್.

‘ಬಡ’ ಎಂಬುದೂ ಬೇಡ. ಈ ಮನೆತನದ ಚರಿತ್ರೆ ಬರೆದ ಪಾದ್ರಿ ಮಾಲತೆರ್ರಾ ಪ್ರಕಾರ, ನಾರ್ಮಂಡಿಯ ಡ್ಯೂಕ್‌ನ ಆಸ್ಥಾನದಲ್ಲಿ ಟ್ಯಾಂಕ್ರೆಡ್‌ನ ಕೈಕೆಳಗೆ ಹತ್ತು ಸವಾರರಿದ್ದರು. ಕಡುಬಡವನಲ್ಲ, ಆದರೆ ಇದ್ದ ಹೊಲವನ್ನು ಹನ್ನೆರಡು ಪಾಲು ಮಾಡಿದರೆ ಯಾರಿಗೂ ಒಂದು ಕುದುರೆ ಸಾಕುವಷ್ಟೂ ಉಳಿಯದು. ನೆರೆಮನೆಗಳಲ್ಲಿ ಅಪ್ಪ ತೀರಿಹೋದೊಡನೆ ದಾಯಾದಿಗಳು ಬಡಿದಾಡುವುದನ್ನು ನೋಡಿ ಹುಡುಗರು ಊರು ಬಿಟ್ಟರು ಎಂದು ಅದೇ ಪಾದ್ರಿ ಬರೆಯುತ್ತಾನೆ. ಪಾಲಿನ ಜಗಳ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಅವರೆಲ್ಲ ‘ಓಟ್‌ವಿಲ್’ ಎಂದು ಹೆಸರಿಗೆ ಹಚ್ಚಿಕೊಂಡು ಓಡಾಡುತ್ತಿರಲಿಲ್ಲ. ಪತ್ರಗಳಲ್ಲಿ ಡ್ಯೂಕ್ ರಾಬರ್ಟ್, ಕೌಂಟ್ ರೋಜರ್ ಅಷ್ಟೇ. ಮನೆತನದ ಹೆಸರು ಬಹುಪಾಲು ನಂತರದವರು ಅನುಕೂಲಕ್ಕೆ ಇಟ್ಟದ್ದು.

ಲಾಳಕಟ್ಟು

‘ಕತ್ತಿಯ ಬಲ’ಕ್ಕೆ ಬರೋಣ. ಮೊದಲಿಗೆ ಇವರು ಕೂಲಿ ಸವಾರರು. 1038ರಲ್ಲಿ ಬೈಜಾಂಟಿಯಂನ (ಕಾನ್‌ಸ್ಟಾಂಟಿನೋಪಲ್‌ನ ಗ್ರೀಕ್ ಸಾಮ್ರಾಜ್ಯದ) ಸೇನಾಪತಿ ಮಾನಿಯಾಕೆಸ್ ಸಿಸಿಲಿಗೆ ದಂಡು ತಂದಾಗ ವಿಲಿಯಂ, ಡ್ರೋಗೊ ಅದರಲ್ಲಿದ್ದರು. ಲೂಟಿಯ ಪಾಲಿಗೆ ಜಗಳವಾಗಿ ಅದೇ ಬೈಜಾಂಟಿಯಂ ಮೇಲೆ ತಿರುಗಿಬಿದ್ದರು. 1042ರಲ್ಲಿ ವಿಲಿಯಂ ದಕ್ಷಿಣ ಇಟಲಿಯ ಅಪೂಲಿಯಾ ಸೀಮೆಯ ನಾರ್ಮನ್ನರ ಮುಖಂಡನಾದ. ಗೆದ್ದ ನೆಲವನ್ನು ಹನ್ನೆರಡು ನಾಯಕರು ಹಂಚಿಕೊಂಡರು. ವಿಲಿಯಂಗೆ ಆಸ್ಕೊಲಿ, ಡ್ರೋಗೊಗೆ ವೆನೋಸಾ. ಮೆಲ್ಫಿ ಮಾತ್ರ ಎಲ್ಲರಿಗೂ ಸೇರಿದ್ದು.

1053ರ ಜೂನ್ 18, ಚಿವಿತಾತೆ. ಪೋಪ್ ಒಂಬತ್ತನೇ ಲಿಯೋ ಸ್ವತಃ ದಂಡೆತ್ತಿ ಬಂದಿದ್ದ. ನಾರ್ಮನ್ನರಿಗೆ ಕಾಯುವ ಹಾಗಿರಲಿಲ್ಲ, ಏಕೆಂದರೆ ಹೊಟ್ಟೆಗಿರಲಿಲ್ಲ. ಅರೆಬಲಿತ ತೆನೆ ಕೊಯ್ದು ಬೆಂಕಿಯಲ್ಲಿ ಹುರಿದು ತಿನ್ನುತ್ತಿದ್ದರಂತೆ. ಪೋಪನ ಕಡೆಯ ಬೈಜಾಂಟಿನ್ ಸೇನೆ ಬಂದು ಸೇರುವ ಮೊದಲೇ ಮುಗಿಸಬೇಕಿತ್ತು. ಬಲಕ್ಕೆ ಅವೆರ್ಸಾದ ರಿಚರ್ಡ್, ನಡುವೆ ಹಂಫ್ರಿ, ಎಡಕ್ಕೆ ರಾಬರ್ಟ್ ಗಿಸ್ಕಾರ್. ರಾಬರ್ಟನ ತುಕಡಿ ಮೊದಲಿಗೆ ಕಾದು ನಿಂತಿತ್ತು. ಎದುರಿನ ಇಟಾಲಿಯನ್ನರು ರಿಚರ್ಡನ ಮೊದಲ ಏಟಿಗೇ ಚದುರಿದರು. ಸ್ವಾಬಿಯಾದ ಜರ್ಮನ್ ಕಾಲಾಳುಗಳು ಮಾತ್ರ ಕದಲಲಿಲ್ಲ, ಹಂಫ್ರಿಯನ್ನು ತಡೆದು ನಿಲ್ಲಿಸಿದರು. ಆಗ ಎಡದಿಂದ ರಾಬರ್ಟ್ ನುಗ್ಗಿದ, ಓಡುವವರನ್ನು ಅಟ್ಟಿಸಿ ಹೋಗಿದ್ದ ರಿಚರ್ಡ್ ಹಿಂತಿರುಗಿ ಬಂದ, ಕತೆ ಮುಗಿಯಿತು. ಪೋಪ್ ಸೆರೆ. ಸೆರೆಸಿಕ್ಕ ಪೋಪನ ಮುಂದೆ ಗೆದ್ದವರೇ ಮಂಡಿಯೂರಿ ಕ್ಷಮೆ ಕೇಳಿದರು, ಆದರೆ ಒಂಬತ್ತು ತಿಂಗಳು ಬಿಡಲಿಲ್ಲ.

ದಫ್ತರಖಾನೆ

ಆ ಮಂಡಿಯೂರಿದ್ದಕ್ಕೆ ಬೆಲೆ ಬಂದದ್ದು ಆರು ವರ್ಷದ ಮೇಲೆ. 1059ರ ಆಗಸ್ಟ್‌ನಲ್ಲಿ ಮೆಲ್ಫಿಯಲ್ಲಿ ಪೋಪ್ ಎರಡನೇ ನಿಕೊಲಸ್ ಮುಂದೆ ರಾಬರ್ಟ್ ಪ್ರಮಾಣ ಮಾಡಿದ. ಅದರಲ್ಲಿ ಅವನ ಬಿರುದು ನೋಡಿ: ದೇವರ ಮತ್ತು ಸಂತ ಪೀಟರನ ಕೃಪೆಯಿಂದ ಅಪೂಲಿಯಾ, ಕಲಾಬ್ರಿಯಾದ ಡ್ಯೂಕ್, ಇಬ್ಬರ ನೆರವಿನಿಂದ ಮುಂದೆ ಸಿಸಿಲಿಯ ಡ್ಯೂಕ್. ಅರಬ್ಬರು ಆಳುತ್ತಿದ್ದ ಸಿಸಿಲಿಯಲ್ಲಿ ಆಗ ಅಂಗೈಯಗಲ ನೆಲವೂ ಇವನ ಕೈಯಲ್ಲಿರಲಿಲ್ಲ. ಗೆಲ್ಲುವ ಮೊದಲೇ ಪತ್ರ. ಈ ಮನೆತನದ ಗುಟ್ಟು ಇಲ್ಲಿದೆ: ಕತ್ತಿ ಎಲ್ಲ ನಾರ್ಮನ್ನರ ಕೈಯಲ್ಲೂ ಇತ್ತು, ಪತ್ರದ ಬೆಲೆ ತಿಳಿದವರು ಇವರು.

ಲಾಳಕಟ್ಟು

ಪತ್ರ ಸಮುದ್ರ ದಾಟಿಸಲ್ಲ ಸ್ವಾಮಿ, ದೋಣಿ ದಾಟಿಸೋದು.

1061ರ ಮೇ ತಿಂಗಳಲ್ಲಿ ಮೆಸ್ಸೀನಾ ಹಿಡಿದದ್ದನ್ನು ನೋಡಿ. ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 3 ಕಿ.ಮೀ. ಈಜುವ ಕುದುರೆಗೂ ಆಸೆ ಹುಟ್ಟಿಸುವ ದೂರ, ಆದರೆ ಸೆಳೆತ ಭಯಂಕರ. ಮೊದಲ ಸರದಿಯಲ್ಲಿ ರೋಜರ್ 13 ಹಡಗಿನಲ್ಲಿ 270 ಸವಾರರನ್ನು ರಾತ್ರಿ ದಾಟಿಸಿದ. ಹಡಗಿಗೆ ಸುಮಾರು 20 ಜನ, 20 ಕುದುರೆ. ಅವೇ ಹಡಗು ವಾಪಸ್ ಹೋಗಿ ಇನ್ನೂ 170 ಜನರನ್ನು ತಂದವು. ಈ ಎರಡು ಸರದಿಯ ನಡುವಿನ ಹೊತ್ತೇ ಅಪಾಯದ್ದು. ಅರ್ಧ ದಂಡು ಒಂದು ದಡದಲ್ಲಿ, ಅರ್ಧ ಇನ್ನೊಂದರಲ್ಲಿ. ಅದಕ್ಕೇ ಕತ್ತಲಲ್ಲಿ ದಾಟಿದ್ದು, ಅದಕ್ಕೇ ಕಾವಲಿದ್ದ ಹಡಗುಗಳ ಕಣ್ಣು ತಪ್ಪಿಸಿ ಊರಿನಿಂದ ದೂರದಲ್ಲಿ ಇಳಿದದ್ದು.

ಮೆಸ್ಸೀನಾ ಒಂದೇ ಬೆಳಗಿಗೆ ಬಿತ್ತು. ಇಡೀ ದ್ವೀಪಕ್ಕೆ 30 ವರ್ಷ ಹಿಡಿಯಿತು. 1063ರಲ್ಲಿ ಚೆರಾಮಿ ಕದನ, 1071ರಲ್ಲಿ ಬಾರಿ ಬಿದ್ದು ಇಟಲಿಯಲ್ಲಿ ಬೈಜಾಂಟಿಯಂ ಮುಗಿಯಿತು, 1072ರ ಜನವರಿಯಲ್ಲಿ ಐದು ತಿಂಗಳ ಮುತ್ತಿಗೆಯ ಮೇಲೆ ಪಲೆರ್ಮೊ, ಕೊನೆಯ ನೋಟೊ 1091ರಲ್ಲಿ. ತಡ ಯಾಕಾಯಿತು ಅಂದರೆ ಜನ ಸಾಲದು. ಚೆರಾಮಿಯಲ್ಲಿ ರೋಜರನ ಬಳಿ ಇದ್ದದ್ದು 136 ಸವಾರರು ಎನ್ನುತ್ತಾನೆ ಮಾಲತೆರ್ರಾ. ಗೆಲುವನ್ನು ದೊಡ್ಡದು ಮಾಡಲು ಸಂಖ್ಯೆ ಇಳಿಸಿರಬಹುದು, ಆದರೂ ಸಾವಿರಗಳಲ್ಲಿ ಇರಲಿಲ್ಲ. ಇನ್ನು ರಾಬರ್ಟ್ ಸಿಸಿಲಿಗೆ ಬಂದಾಗಲೆಲ್ಲ ಹಿಂದೆ ಅಪೂಲಿಯಾದಲ್ಲಿ ಸ್ವಂತ ನೆಂಟರೇ ದಂಗೆ ಏಳುತ್ತಿದ್ದರು. ಚೆರಾಮಿಯ ಲೂಟಿಯಲ್ಲಿ ನಾಲ್ಕು ಒಂಟೆಗಳನ್ನು ರೋಜರ್ ಪೋಪನಿಗೆ ಉಡುಗೊರೆ ಕಳಿಸಿದ. ರೋಮ್‌ನವರು ಅವನ್ನು ಏನು ಮಾಡಿದರೋ.

ಹೊಸಓದು

ತುಂಬಾ ಉಪಕಾರವಾಯಿತು. ಒಂದನೆಯದನ್ನು ತಿದ್ದುತ್ತೇನೆ. ದಫ್ತರಖಾನೆ ಅವರೇ, ‘ಪತ್ರದ ಬೆಲೆ’ ಎಂದಿರಲ್ಲ, ಅದು ಮೂರನೇ ವಾಕ್ಯಕ್ಕೂ ಸಂಬಂಧಿಸಿದ್ದೇ?

ದಫ್ತರಖಾನೆ

ಅದಕ್ಕೇ ಹೆಚ್ಚು ಸಂಬಂಧ. ಮೂರು ಭಾಷೆಯ ಕಚೇರಿಯನ್ನು ನೋಡಿದವರು ಸಮಾನತೆ ಎಂದುಕೊಳ್ಳುತ್ತಾರೆ. ಕಚೇರಿಯ ಒಳಗೆ ಏನು ಬರೆದಿದೆ ಎಂದು ಓದುವುದಿಲ್ಲ.

ಅಲ್ಲಿನ ಕಂದಾಯ ಕಚೇರಿ ‘ದಿವಾನ್’. ಕನ್ನಡಿಗರಿಗೆ ಮೈಸೂರಿನ ದಿವಾನರ ಪದವಿಯಿಂದ ಗೊತ್ತಿರುವ ಪದವೇ. ಇಟಲಿಯಲ್ಲಿ ಅದೇ ಸವೆದು ಸುಂಕದಕಟ್ಟೆಗೆ ‘ದೊಗಾನಾ’ ಆಯಿತು. ಜಮೀನಿನ ಎಲ್ಲೆ ಬರೆದಿಟ್ಟ ಪುಸ್ತಕಗಳಿಗೆ ಲ್ಯಾಟಿನ್ ಲೇಖಕರು ‘ದೆಫೆತಾರಿ’ ಎನ್ನುತ್ತಿದ್ದರು. ಅದು ಅರಬ್ಬಿಯ ದಫ್ತರ್, ನಮ್ಮ ದಫ್ತರ. ಮೂರನೆಯದು ‘ಜರೀದಾ’, ಅಂದರೆ ಜನರ ಪಟ್ಟಿ. ಬಹುವಚನ ‘ಜರಾಇದ್’.

ಜರೀದಾದಲ್ಲಿ ಇರುವುದು ಹೆಸರುಗಳು: ಇಂಥವನ ಮಗ ಇಂಥವನು, ಇಂಥವಳ ಗಂಡ, ಕುಂಬಾರ, ನೇಕಾರ. ಇಂಥ ಹಳ್ಳಿಯ ಇಷ್ಟು ಮನೆಯ ಯಜಮಾನರು ಇಂಥ ಚರ್ಚಿಗೋ ಇಂಥ ಜಹಗೀರುದಾರನಿಗೋ ಸೇರಿದವರು. ಉಳಿದಿರುವ ಹಳೆಯವು 1095ರವು, ಒಂದನೇ ರೋಜರ್ ಪಲೆರ್ಮೊ ಮತ್ತು ಕತಾನಿಯಾ ಚರ್ಚುಗಳಿಗೆ ಕೊಟ್ಟವು. ಪಟ್ಟಿಯಲ್ಲಿರುವ ಮುಸ್ಲಿಂ ರೈತ ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ, ಓಡಿದರೆ ಹಿಡಿದು ತರಬಹುದು. ಜೊತೆಗೆ ಅವನು ತಲೆಗಂದಾಯ ಕೊಡಬೇಕು. ಅದರ ಹೆಸರು ಜಿಝಿಯಾ! ಮುಸ್ಲಿಂ ಆಳ್ವಿಕೆಯಲ್ಲಿ ಕ್ರೈಸ್ತರು ಕೊಡುತ್ತಿದ್ದ ತೆರಿಗೆ, ಹೆಸರನ್ನೂ ಬದಲಿಸದೆ ಮಗ್ಗಲು ತಿರುಗಿಸಿದ್ದಾರೆ.

ಪಟ್ಟಿ ಅಂದಮೇಲೆ ಎಡವಟ್ಟು ಇದ್ದೇ ಇರುತ್ತದೆ. ಒಬ್ಬನೇ ರೈತನ ಹೆಸರು ಎರಡು ಜಹಗೀರಿನ ಪಟ್ಟಿಯಲ್ಲಿ ಬರುವುದು, ಸತ್ತವನ ಹೆಸರು ಉಳಿಯುವುದು, ಮದುವೆಯಾಗಿ ಬೇರೆ ಮನೆ ಹೂಡಿದ ಮಗ ಯಾವ ಪಟ್ಟಿಗೂ ಬಾರದಿರುವುದು. 1144–45ರಲ್ಲಿ ಇಮ್ಮಡಿ ರೋಜರ್ ಹಳೆಯ ಸನ್ನದುಗಳನ್ನೆಲ್ಲ ತಂದು ತೋರಿಸಿ ಹೊಸದಾಗಿ ಬರೆಸಿಕೊಳ್ಳಿ ಎಂದು ಅಪ್ಪಣೆ ಕೊಡಿಸಿದ್ದು ಇದಕ್ಕೇ. ಆಗ ಬರೆದ ಜರೀದಾಗಳ ಕೊನೆಗೆ ಒಂದು ಷರತ್ತು ಇರುತ್ತದೆ: ಈ ಪಟ್ಟಿಯವರಲ್ಲಿ ಯಾರಾದರೂ ದಿವಾನಿನ ಅಥವಾ ಬೇರೆ ಜಹಗೀರಿನ ಪಟ್ಟಿಯಲ್ಲಿ ಕಂಡುಬಂದರೆ ಇಲ್ಲಿಂದ ತೆಗೆದುಹಾಕತಕ್ಕದ್ದು.

ಈ ಅರಬ್ಬಿ ಕಚೇರಿ ಹಳೆಯ ಮುಸ್ಲಿಂ ಸಿಸಿಲಿಯಿಂದ ಹಾಗೇ ಉಳಿದುಬಂದದ್ದಲ್ಲ. ವಶಪಡಿಸಿಕೊಂಡ ಕೆಲವೇ ದಶಕಗಳಲ್ಲಿ ಅರಬ್ಬಿ ಪತ್ರಗಳು ವಿರಳವಾಗುತ್ತವೆ. 1130ರ ಪಟ್ಟದ ನಂತರ ಅವು ಮತ್ತೆ ಬಂದಾಗ ಬರಹದ ಶೈಲಿ, ಬಿರುದು, ಕಚೇರಿಯ ಹೆಸರು ಎಲ್ಲ ಆ ಕಾಲದ ಈಜಿಪ್ಟಿನ ಫಾತಿಮಿ ದರ್ಬಾರನ್ನು ಹೋಲುತ್ತವೆ. ಅಂದರೆ ಬೇಕೆಂದೇ ತರಿಸಿಕೊಂಡದ್ದು. ಇಮ್ಮಡಿ ರೋಜರನ ಅರಬ್ಬಿ ಬಿರುದು ‘ಅಲ್ ಮುಅತಝ್ ಬಿಲ್ಲಾಹ್’. ಯಾವ ಖಲೀಫನಿಗೂ ಒಪ್ಪುವ ಬಿರುದು.

ತೂಕಡಿಸುವ_ಗೂಬೆ

ಹಾಗಾದರೆ ಸಹಿಷ್ಣುತೆ ಪೂರಾ ಸುಳ್ಳೇ? 1140ರ ಅರಿಯಾನೊ ಶಾಸನಗಳಲ್ಲಿ, ನಮ್ಮ ಆಳ್ವಿಕೆಯ ಬೇರೆಬೇರೆ ಜನರ ರೂಢಿ ಕಾನೂನುಗಳು ನಮ್ಮ ಆಜ್ಞೆಗೆ ಸ್ಪಷ್ಟವಾಗಿ ವಿರುದ್ಧವಲ್ಲದಿದ್ದರೆ ಹಾಗೇ ನಡೆಯಲಿ ಎಂದಿದೆಯಲ್ಲ.

ದಫ್ತರಖಾನೆ

ಇದೆ. ಅದೇ ಶಾಸನಗಳಲ್ಲಿ ದೊರೆಯ ತೀರ್ಮಾನವನ್ನು ಪ್ರಶ್ನಿಸುವುದು ದೇವದ್ರೋಹಕ್ಕೆ ಸಮ ಎಂದೂ ಇದೆ, ಜಸ್ಟಿನಿಯನ್ನನ ಕಾನೂನಿನಿಂದ ಎತ್ತಿಕೊಂಡದ್ದು. ವೈದ್ಯ ವೃತ್ತಿಗೆ ಇಳಿಯುವವನು ಮೊದಲು ಅಧಿಕಾರಿಗಳ ಮುಂದೆ ಪರೀಕ್ಷೆಗೆ ನಿಲ್ಲಬೇಕು, ತಪ್ಪಿದರೆ ಸೆರೆ ಮತ್ತು ಆಸ್ತಿ ಜಪ್ತಿ ಎಂಬುದೂ ಇದೆ. ಒಳ್ಳೆಯದೋ ಕೆಟ್ಟದ್ದೋ, ಎಲ್ಲದರ ತುದಿ ಅರಮನೆಯಲ್ಲಿ. ಸಹಿಷ್ಣುತೆ ಸುಳ್ಳು ಎನ್ನುತ್ತಿಲ್ಲ. ಅದು ದೊರೆಯ ಅನುಕೂಲಕ್ಕೆ ಕಟ್ಟುಬಿದ್ದದ್ದು, ಪ್ರಜೆಯ ಹಕ್ಕಲ್ಲ.

ಅದು ಎಷ್ಟು ತೆಳು ಎಂಬುದಕ್ಕೆ: 1153ರಲ್ಲಿ ರೋಜರನ ನೌಕಾಧಿಕಾರಿ, ಮಹದಿಯಾದ ಫಿಲಿಪ್, ಒಳಗೊಳಗೇ ಮುಸ್ಲಿಮನಾಗಿ ಉಳಿದಿದ್ದಾನೆಂದು ಸುಟ್ಟರು. 1161ರ ದಂಗೆಯಲ್ಲಿ ಪಲೆರ್ಮೊದ ಮುಸ್ಲಿಮರ ಹತ್ಯೆ. 1184ರ ಕೊನೆಯಲ್ಲಿ ಬಂದಿಳಿದ ಆಂಡಲೂಸಿಯಾದ ಯಾತ್ರಿಕ ಇಬ್ನ್ ಜುಬೈರ್, ಇಮ್ಮಡಿ ರೋಜರನ ಮೊಮ್ಮಗ ದೊರೆ ಇಮ್ಮಡಿ ವಿಲಿಯಂ ಅರಬ್ಬಿ ಓದಿ ಬರೆಯುತ್ತಾನೆ ಎಂದು ಮೆಚ್ಚುತ್ತಾನೆ. ಅದೇ ಬರಹದಲ್ಲಿ, ಈ ಜನರ ಮುಂದಿನ ಗತಿ ಏನೋ ಎಂದು ಕಳವಳಪಡುತ್ತಾನೆ. ಅವನ ಕಳವಳ ನಿಜವಾಯಿತು. 1220ರ ದಶಕದಿಂದ ಉಳಿದವರನ್ನು ಇಟಲಿಯ ಲುಚೆರಾಗೆ ಸಾಗಿಸಿದರು, 1300ರಲ್ಲಿ ಅದನ್ನೂ ನಾಶ ಮಾಡಿದರು.

ಮೊಸಾಯಿಕ್‌ಮನೆ

ಕಣ್ಣಾರೆ ನೋಡಬಹುದಾದ ಒಂದು ಪುರಾವೆ ಸೇರಿಸುತ್ತೇನೆ. ಪಲೆರ್ಮೊದ ಮಾರ್ತೊರಾನಾ ಚರ್ಚನ್ನು ಕಟ್ಟಿಸಿದ್ದು ರೋಜರನ ಮಹಾಮಂತ್ರಿ, ಅಂತಿಯೋಕ್‌ನ ಜಾರ್ಜ್. ಅವನ ಬಿರುದು ಅಮೀರರ ಅಮೀರ. ಆ ಅಮೀರ ಪದವೇ ಮುಂದೆ ಯುರೋಪಿನಲ್ಲಿ ‘ಅಡ್ಮಿರಲ್’ ಆದದ್ದು. ಅಲ್ಲಿನ ಮೊಸಾಯಿಕ್‌ನಲ್ಲಿ (ಬಣ್ಣದ ಚೂರುಗಳನ್ನು ಜೋಡಿಸಿದ ಗೋಡೆಚಿತ್ರದಲ್ಲಿ) ಬೈಜಾಂಟಿನ್ ಚಕ್ರವರ್ತಿಯ ಉಡುಪಿನಲ್ಲಿ ರೋಜರ್ ತಲೆ ಬಾಗಿದ್ದಾನೆ, ಯೇಸು ತಾನೇ ಕಿರೀಟ ಇಡುತ್ತಿದ್ದಾನೆ. ನಡುವೆ ಪೋಪನೂ ಇಲ್ಲ, ಬಿಷಪ್ಪನೂ ಇಲ್ಲ. ಮೇಲೆ ಗ್ರೀಕ್ ಅಕ್ಷರದಲ್ಲಿ ‘ರೊಗೆರಿಯೋಸ್ ರೆಕ್ಸ್’. ಗ್ರೀಕಿನಲ್ಲಿ ದೊರೆಗೆ ‘ಬಸಿಲೆಯುಸ್’ ಎನ್ನಬೇಕು. ಆದರೆ ಅದು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಬಿರುದು. ಹಾಗಾಗಿ ಲ್ಯಾಟಿನ್ ಪದವನ್ನೇ ಗ್ರೀಕ್ ಲಿಪಿಯಲ್ಲಿ ಕೂರಿಸಿದ್ದಾರೆ. ಉಡುಪು ಚಕ್ರವರ್ತಿಯದು, ಮಾತು ಎಚ್ಚರಿಕೆಯದು.

ನಾಣ್ಯಪೆಟ್ಟಿಗೆ

ನಾಣ್ಯದ ಮಾತು ಯಾರೂ ಎತ್ತಲೇ ಇಲ್ಲ ಮಾರಾಯ್ರೆ.

ಸಿಸಿಲಿಯ ಚಿನ್ನ ‘ತರಿ’. ಮೂಲದಲ್ಲಿ ಅರಬ್ಬರ ಕಾಲು ದಿನಾರ್, ಸುಮಾರು 1 ಗ್ರಾಂ. ವಿಜಯನಗರದ ವರಾಹ ಸುಮಾರು 3.4 ಗ್ರಾಂ ಅಂತ ಗೊತ್ತಿದ್ದವರಿಗೆ ಇದು ಎಷ್ಟು ಪುಟ್ಟದು ಅಂತ ಅಂದಾಜಾದೀತು. ನಾರ್ಮನ್ ಕಾಲದಲ್ಲಿ ಶುದ್ಧತೆ ಹದಿನಾರೂ ಮೂರನೇ ಒಂದು ಕ್ಯಾರೆಟ್, ಅಂದರೆ ನೂರಕ್ಕೆ 68 ಪಾಲು ಚಿನ್ನ. ಲೆಕ್ಕದ ಸರಣಿ: 20 ಗ್ರಾನೊಗೆ 1 ತರಿ, 30 ತರಿಗೆ 1 ಔನ್ಸ್. ಬಿಲ್ಲೆಗಳ ತೂಕ ಒಂದರಂತೆ ಒಂದಿರಲಿಲ್ಲ. ಎಣಿಸಿ ಕೊಟ್ಟರೆ ಮೋಸ, ಅದಕ್ಕೇ ದೊಡ್ಡ ಮೊತ್ತವನ್ನು ತಕ್ಕಡಿಯಲ್ಲಿ ತೂಗಿಯೇ ಕೊಡುವುದು. ಒಂದು ಬಿಡಿ ತರಿ ಸಿಕ್ಕಿ, ಅದರ ತೂಕದಿಂದ ಇಡೀ ಕಾಲದ ಮಟ್ಟ ಹೇಳಲು ಹೊರಟರೆ ತಪ್ಪುವುದು ಖಂಡಿತ. ರೋಜರನ ತರಿಯ ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಶಿಲುಬೆ ಮತ್ತು ‘ಯೇಸು ಕ್ರಿಸ್ತನಿಗೆ ಜಯ’ ಅನ್ನುವ ಗ್ರೀಕ್ ಅಕ್ಷರ.

1140ರಲ್ಲಿ ರೋಜರ್ ಇಟಲಿಯ ಕಡೆಗೆ ಹೊಸ ಬೆಳ್ಳಿ ನಾಣ್ಯ ಹೊರಡಿಸಿದ. ಅಪೂಲಿಯಾದ ಡಚಿಯಿಂದ (ಡ್ಯೂಕ್‌ನ ಸೀಮೆಯಿಂದ) ಅದಕ್ಕೆ ‘ಡ್ಯುಕಾಟ್’ ಅಂತ ಹೆಸರು. ಬಟ್ಟಲಿನ ಹಾಗೆ ಸ್ವಲ್ಪ ತಗ್ಗು. ಒಂದು ಕಡೆ ಯೇಸು. ಇನ್ನೊಂದು ಕಡೆ ರೋಜರ್ ಮತ್ತು ಅವನ ಮಗ ಡ್ಯೂಕ್ ರೋಜರ್, ನಡುವೆ ಉದ್ದನೆ ಶಿಲುಬೆ. ಶಿಲುಬೆಯ ಪಕ್ಕದಲ್ಲಿ ‘ಆಳ್ವಿಕೆಯ 10ನೇ ವರ್ಷ’ ಅನ್ನುವುದರ ಚುಟುಕು ಅಕ್ಷರ. ಆ ಕಾಲದ ಯುರೋಪಿನಲ್ಲಿ ವರ್ಷ ಹಾಕಿದ ನಾಣ್ಯ ಅಪರೂಪ. ಬೆಳ್ಳಿ ಮಾತ್ರ ಕಳಪೆ. ಬೆನೆವೆಂತೊದ ಫಾಲ್ಕೊ ಎಂಬ ಕರಣಿಕ ಈ ನಾಣ್ಯದಿಂದ ಜನ ಬಡವಾದರು ಅಂತ ಶಪಿಸಿದ್ದಾನೆ. ರೋಜರನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ ನಿಜ, ಆದರೆ ಬೆಳ್ಳಿಯ ವಿಷಯದಲ್ಲಿ ಅವನ ಮಾತು ಸರಿಯೇ. 1284ರಲ್ಲಿ ವೆನಿಸ್ ಚಿನ್ನದ ಡ್ಯುಕಾಟ್ ಹೊಡೆಸಿ ಆ ಹೆಸರನ್ನು ಜಗತ್ತಿಗೆ ಹಬ್ಬಿಸಿತು.

ಹೊಸಓದು

10ನೇ ವರ್ಷ ಅಂದರೆ 1130ಕ್ಕೆ 10 ಕೂಡಿಸಿ 1140. ಸರಿಯಾಯಿತು. ತಾರೀಖಿನ ಲೆಕ್ಕ ಅಷ್ಟು ಕಷ್ಟವಿಲ್ಲ ಅನ್ನಿಸುತ್ತಿದೆ.

ದಫ್ತರಖಾನೆ

ಉತ್ತರ ಸರಿ, ದಾರಿ ತಪ್ಪು. 1ನೇ ವರ್ಷ 1130ರ ಡಿಸೆಂಬರ್ 25ರಿಂದ 1131ರ ಡಿಸೆಂಬರ್ 24ರವರೆಗೆ. 10ನೆಯದು 1139ರ ಡಿಸೆಂಬರ್ 25ರಿಂದ 1140ರ ಡಿಸೆಂಬರ್ 24ರವರೆಗೆ. ಪಟ್ಟ ಜೂನ್‌ನಲ್ಲಿ ಆಗಿದ್ದರೆ ನಿಮ್ಮ ಕೂಡಿಕೆ ಅರ್ಧಕ್ಕರ್ಧ ಸಲ ತಪ್ಪುತ್ತಿತ್ತು.

ಸಿಸಿಲಿಯ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕಗಳು ಇವು. ಗ್ರೀಕ್ ಪತ್ರದಲ್ಲಿ ಸೃಷ್ಟಿವರ್ಷ, ಅಂದರೆ ಜಗತ್ತು ಸೃಷ್ಟಿಯಾದಂದಿನಿಂದ ಎಣಿಸುವ ವರ್ಷ: ಜನವರಿಯಿಂದ ಆಗಸ್ಟ್‌ವರೆಗಾದರೆ 5508 ಕಳೆಯಿರಿ, ಸೆಪ್ಟೆಂಬರ್‌ನಿಂದ ಡಿಸೆಂಬರ್ ಆದರೆ 5509. ಏಕೆಂದರೆ ಅವರ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. ಮೂರು ಭಾಷೆಯ ಪತ್ರದಲ್ಲೂ ಬರಬಹುದಾದದ್ದು ಇಂಡಿಕ್ಷನ್, 15 ವರ್ಷದ ಚಕ್ರ. ಕ್ರಿ.ಶ. ವರ್ಷಕ್ಕೆ 3 ಕೂಡಿಸಿ 15ರಿಂದ ಭಾಗಿಸಿ, ಉಳಿದ ಶೇಷವೇ ಇಂಡಿಕ್ಷನ್, ಶೇಷ ಸೊನ್ನೆಯಾದರೆ 15. ಇದೂ ಇಲ್ಲಿ ಸೆಪ್ಟೆಂಬರ್ 1ಕ್ಕೆ ಬದಲಾಗುತ್ತದೆ, ಹಾಗಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 3ರ ಬದಲು 4 ಕೂಡಿಸಬೇಕು. ನಮ್ಮ ಶಾಸನಗಳಲ್ಲಿ ಶಕವರ್ಷದ ಜೊತೆ ಸಂವತ್ಸರದ ಹೆಸರು ಇರುವ ಹಾಗೆ ಇದು. ಒಂದು ತಪ್ಪಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ.

ಮಾದರಿಗೆ ಅರಮನೆಯ ನೀರ್ಗಡಿಯಾರದ ಶಾಸನ ತೆಗೆದುಕೊಳ್ಳಿ. ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಇದೆ. ಲ್ಯಾಟಿನ್: 1142ರ ಮಾರ್ಚ್, ಇಂಡಿಕ್ಷನ್ 5. 1142ಕ್ಕೆ 3 ಕೂಡಿದರೆ 1145, ಹದಿನೈದರಿಂದ ಭಾಗಿಸಿದರೆ ಶೇಷ 5. ಹೊಂದಿತು. ಗ್ರೀಕ್: 6650, ಕಳೆ 5508, ಬಂತು 1142. ಅರಬ್ಬಿ: 536, ಸೂತ್ರದಲ್ಲಿ 1141.62. ಅಂದರೆ 1141ರ ಆಗಸ್ಟ್‌ನಿಂದ ಮುಂದಿನ ಜುಲೈವರೆಗೆ, ಅದರೊಳಗೆ 1142ರ ಮಾರ್ಚ್ ಬರುತ್ತದೆ. ಮೂರೂ ಒಂದೇ ಮಾತು.

ಇನ್ನೊಂದು ಬಲೆ ಇದೆ. ಎಷ್ಟೋ ಲ್ಯಾಟಿನ್ ಲೇಖಕರು ಹೊಸ ವರ್ಷವನ್ನು ಡಿಸೆಂಬರ್ 25ಕ್ಕೇ ಶುರುಮಾಡುತ್ತಿದ್ದರು. ಅವರ ಕೈಯಲ್ಲಿ ರೋಜರನ ಪಟ್ಟಾಭಿಷೇಕ 1131 ಆಗಿಬಿಡುತ್ತದೆ.

ಹೊಸಓದು

ಪ್ರಯತ್ನ ಮಾಡುತ್ತೇನೆ. ಇಮ್ಮಡಿ ವಿಲಿಯಂ ಸತ್ತದ್ದು 1189ರ ನವೆಂಬರ್ 18. 1189ಕ್ಕೆ 3 ಸೇರಿಸಿದರೆ 1192. ಶೇಷ 7. ಇಂಡಿಕ್ಷನ್ 7.

ನಾಣ್ಯಪೆಟ್ಟಿಗೆ

ನವೆಂಬರ್ ಅಲ್ವಾ?

ಹೊಸಓದು

ಓ. 4 ಕೂಡಿಸಬೇಕಿತ್ತು. 1193, ಶೇಷ 8. ಸೃಷ್ಟಿವರ್ಷ 6698.

ದಫ್ತರಖಾನೆ

ಈಗ ಸರಿ. ಪಲೆರ್ಮೊದ ಸರ್ಕಾರಿ ಪತ್ರಾಗಾರದಲ್ಲಿ ಇಮ್ಮಡಿ ರೋಜರನ ತಾಯಿ ಅಡಲೇಡಳ ಕಾಗದದ ಪತ್ರವಿದೆ, ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕಾಗದದ ಆಡಳಿತ ಪತ್ರಗಳಲ್ಲೊಂದು. ಮಗ ಚಿಕ್ಕವನಿದ್ದಾಗ ಅವಳೇ ರಾಜ್ಯ ನೋಡುತ್ತಿದ್ದಳು. ಫ್ರಗಲಾದ ಸಂತ ಫಿಲಿಪ್ ಮಠಕ್ಕೆ ರಕ್ಷಣೆ ಕೊಡಿ ಎಂದು ಕಾಸ್ತ್ರೊಜೊವಾನ್ನಿಯ ಅಧಿಕಾರಿಗಳಿಗೆ ಗ್ರೀಕಿನಲ್ಲೂ ಅರಬ್ಬಿಯಲ್ಲೂ ಬರೆಸಿದ್ದಾಳೆ. 1109ರ ಮಾರ್ಚ್. ಅದನ್ನೂ ಮಾಡಿ ನೋಡಿ. ಅಂದಹಾಗೆ ಕಾಗದವನ್ನು ಅವರು ನಂಬುತ್ತಿರಲಿಲ್ಲ. ನಾಲ್ಕು ದಶಕ ಕಳೆಯುವುದರೊಳಗೆ ಚರ್ಮದ ಹಾಳೆಗೆ ನಕಲು ಮಾಡಿಸುವ ಪಾಡು. 1231ರಲ್ಲಿ ಚಕ್ರವರ್ತಿ ಇಮ್ಮಡಿ ಫ್ರೆಡರಿಕ್ ಸರ್ಕಾರಿ ದಸ್ತಾವೇಜುಗಳಿಗೆ ಕಾಗದವನ್ನೇ ನಿಷೇಧಿಸಿದ.

ತೂಕಡಿಸುವ_ಗೂಬೆ

ದಫ್ತರದ ಮೇಲೆ ನಿಂತ ರಾಜ್ಯ ಅಂದಮೇಲೆ ದಫ್ತರ ಸುಟ್ಟರೆ?

ದಫ್ತರಖಾನೆ

ಸುಟ್ಟರು. 1160ರ ನವೆಂಬರ್ 10ರಂದು ಮಂತ್ರಿ ಬಾರಿಯ ಮಾಯೊನ ಕೊಲೆ. 1161ರಲ್ಲಿ ದಂಗೆಕೋರರು ಅರಮನೆಗೆ ನುಗ್ಗಿ ಇಮ್ಮಡಿ ರೋಜರನ ಮಗ, ದೊರೆ ಒಂದನೇ ವಿಲಿಯಂನನ್ನು ಹಿಡಿದರು, ಜಮೀನಿನ ದಫ್ತರಗಳನ್ನು ನಾಶ ಮಾಡಿದರು. ಜಹಗೀರುದಾರರ ಸಿಟ್ಟು ದೊರೆಗಿಂತ ಆ ಪುಸ್ತಕಗಳ ಮೇಲೆ ಹೆಚ್ಚಿದ್ದಂತೆ ಕಾಣುತ್ತದೆ. ದಂಗೆ ಅಡಗಿದ ಮೇಲೆ ಸೆರೆಯಲ್ಲಿದ್ದ ಕರಣಿಕ ಮ್ಯಾಥ್ಯೂವನ್ನು ಬಿಡಿಸಿ ತಂದರು, ಎಲ್ಲೆಕಟ್ಟುಗಳು ಅವನ ನೆನಪಿನಲ್ಲಿದ್ದವು. ಶಾನುಭೋಗರ ಬಾಯಲ್ಲೇ ಊರಿನ ಸರ್ವೆ ಇದ್ದ ಕಾಲ ನೆನಪಾಗುತ್ತದೆ.

ಇಟಲಿಯ ಭಾಗಕ್ಕೆ ಬೇರೆ ಪುಸ್ತಕವಿತ್ತು, ‘ಕತಾಲೋಗುಸ್ ಬಾರೋನುಮ್’. ಸುಮಾರು 1150ರಲ್ಲಿ ಶುರು, 1160ರ ದಶಕದ ಕೊನೆಯಲ್ಲಿ ಪರಿಷ್ಕರಣೆ. ಅದರಲ್ಲಿ ಇಂಥವನ ಜಹಗೀರು ಎಷ್ಟು ಸವಾರರದ್ದು, ತುರ್ತಿಗೆ ಹೆಚ್ಚುವರಿ ಸೇರಿಸಿ ಎಷ್ಟು ಕೊಡುತ್ತಾನೆ ಎಂಬ ಲೆಕ್ಕ. ಎರಡು ಸವಾರರದ್ದಾದರೆ ಹೆಚ್ಚುವರಿ ಸೇರಿ ನಾಲ್ಕು, ಸಾಮಾನ್ಯವಾಗಿ ದುಪ್ಪಟ್ಟು. ಸಿಸಿಲಿ, ಕಲಾಬ್ರಿಯಾ ಇದರಲ್ಲಿಲ್ಲ. ಹಾಗಾಗಿ ಈ ಮೊತ್ತವನ್ನು ‘ಇಡೀ ರಾಜ್ಯದ ಸೈನ್ಯ’ ಎಂದು ಬರೆದುಬಿಡಬೇಡಿ. ಇದರ ಹಸ್ತಪ್ರತಿ ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ನೇಪಲ್ಸ್ ಪತ್ರಾಗಾರದ ದಾಖಲೆಗಳ ಜೊತೆ ಸುಟ್ಟುಹೋಯಿತು. ಪುಣ್ಯಕ್ಕೆ ಮೊದಲೇ ಅಚ್ಚಾಗಿತ್ತು.

ಮೊಸಾಯಿಕ್‌ಮನೆ

ಅರಬ್ ಭೂಗೋಳ ಪಂಡಿತ ಇದ್ರೀಸಿಯ ಭೂಗೋಳ ಪುಸ್ತಕವನ್ನು ಬಿಡಬೇಡಿ. ರೋಜರ್ ಹೇಳಿ ಮಾಡಿಸಿದ ಕೃತಿ, 1154ರ ಜನವರಿಯಲ್ಲಿ ಮುಗಿಯಿತು. ಅದೇ ಫೆಬ್ರವರಿ 26ರಂದು ದೊರೆ ತೀರಿಕೊಂಡ. ಏಳು ಭೂವಲಯ, ಒಂದೊಂದಕ್ಕೆ ಹತ್ತು ತುಂಡು, ಒಟ್ಟು 70 ನಕ್ಷೆ, ದಕ್ಷಿಣ ಮೇಲಕ್ಕೆ. ಜೊತೆಗೊಂದು ಬೆಳ್ಳಿಯ ಭೂಪಟ, 400 ರತಲ್, ಪ್ರತಿ ರತಲ್‌ಗೆ 112 ದಿರ್ಹಮ್. ದಿರ್ಹಮ್‌ಗೆ ಸುಮಾರು 3 ಗ್ರಾಂ ಹಿಡಿದರೆ 134 ಕೆ.ಜಿ. ಬೆಳ್ಳಿ. ಅಷ್ಟು ಬೆಳ್ಳಿ ಎಲ್ಲಿ ಉಳಿದೀತು?

ಕನ್ನಡದವರಿಗೆ ಒಂದು ಕುತೂಹಲ: ಭಾರತದ ದೊಡ್ಡ ದೊರೆ ‘ಬಲ್ಹರಾ’ ಎನ್ನುತ್ತಾನೆ ಇದ್ರೀಸಿ. ಹಿಂದಿನ ಅರಬ್ ಲೇಖಕರು ಮಾನ್ಯಖೇಟದ, ಇಂದಿನ ಮಳಖೇಡದ, ರಾಷ್ಟ್ರಕೂಟ ವಲ್ಲಭರಾಜರಿಗೆ ಬಳಸಿದ ಹೆಸರು ಅದು. ಆ ಮನೆತನ 973ರಲ್ಲೇ ಮುಗಿದಿತ್ತು. ಇದ್ರೀಸಿ ಹಳೆಯ ಪುಸ್ತಕದಿಂದ ಹೆಸರು ಎತ್ತಿ ಗುಜರಾತಿನ ಅನ್ಹಿಲವಾಡದ ದೊರೆಗೆ ಅಂಟಿಸಿದ್ದಾನೆ. ಮೆಡಿಟರೇನಿಯನ್ ಬಗ್ಗೆ ಅವನ ಮಾತು ತಾಜಾ, ನಮ್ಮ ಕಡೆಯದು ಹಳಸಲು.

ಹೊಸಓದು

ಮನೆತನ ಮುಗಿದದ್ದು ಹೇಗೆ? ಜರ್ಮನ್ನರು ಸೋಲಿಸಿ ಮುಗಿಸಿದರು ಎಂದರೆ ಸಾಕೇ?

ವಂಶವೃಕ್ಷ

ಸಾಲದು. ಇಮ್ಮಡಿ ರೋಜರನಿಗೆ ಗಂಡುಮಕ್ಕಳು ಬೇಕಾದಷ್ಟಿದ್ದರು, ಆದರೆ ಟ್ಯಾಂಕ್ರೆಡ್, ಅಲ್ಫೋನ್ಸೊ, ನಾಣ್ಯದ ಮೇಲಿರುವ ಹಿರಿಯ ರೋಜರ್ ಎಲ್ಲರೂ ಅಪ್ಪನಿಗಿಂತ ಮೊದಲೇ ಹೋದರು. ಉಳಿದವನು ವಿಲಿಯಂ. ಅವನ ಹಿರಿಯ ಮಗ 1161ರ ಗಲಾಟೆಯಲ್ಲಿ ಬಾಣ ತಗುಲಿ ಸತ್ತ, ಇನ್ನೂ ಹುಡುಗ. ಕಿರಿಯವನು ಇಮ್ಮಡಿ ವಿಲಿಯಂ. 1177ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಜೋನ್‌ಳನ್ನು ಮದುವೆಯಾದ, ಉತ್ತರಾಧಿಕಾರಿ ಇಲ್ಲ. ಹನ್ನೆರಡು ಗಂಡುಮಕ್ಕಳಿಂದ ಶುರುವಾದ ಮನೆ!

ಉಳಿದದ್ದು ರೋಜರ್ ಸತ್ತ ಮೇಲೆ 1154ರಲ್ಲಿ ಹುಟ್ಟಿದ ಮಗಳು ಕಾನ್‌ಸ್ಟನ್ಸ್. ಅವಳನ್ನು 1186ರ ಜನವರಿಯಲ್ಲಿ ಹೆನ್ರಿಗೆ ಕೊಟ್ಟರು. ಅವಳನ್ನು ಸನ್ಯಾಸಿನಿ ಮಠದಿಂದ ಎಳೆದು ತಂದು ಮದುವೆ ಮಾಡಿಸಿದರೆಂಬುದು ನಂತರದವರು ಕಟ್ಟಿದ ಕತೆ. ವಿಲಿಯಂ ಸತ್ತೊಡನೆ ದರ್ಬಾರಿನವರು ಜರ್ಮನ್ ಅಳಿಯ ಬೇಡವೆಂದು, ರೋಜರನ ಮೊಮ್ಮಗ, ವಿವಾಹಬಾಹಿರವಾಗಿ ಹುಟ್ಟಿದ ಲೆಚ್ಚೆಯ ಟ್ಯಾಂಕ್ರೆಡ್‌ಗೆ ಪಟ್ಟ ಕಟ್ಟಿದರು. ಅವನು ನಾಲ್ಕು ವರ್ಷ ತಡೆದ. ಯುವರಾಜ 1193ರಲ್ಲಿ ತೀರಿದ, ಅಪ್ಪ 1194ರ ಫೆಬ್ರವರಿಯಲ್ಲಿ. ಆಮೇಲೆ ಹೆನ್ರಿಗೆ ಎದುರೇ ಇರಲಿಲ್ಲ. 1194ರ ಡಿಸೆಂಬರ್ 25ರಂದು ಪಲೆರ್ಮೊದಲ್ಲಿ ಪಟ್ಟ. ಮರುದಿನ ಯೇಸಿ ಎಂಬ ಊರಿನಲ್ಲಿ ನಲವತ್ತರ ಕಾನ್‌ಸ್ಟನ್ಸ್ ಇಮ್ಮಡಿ ಫ್ರೆಡರಿಕ್‌ನನ್ನು ಹೆತ್ತಳು. ರಕ್ತ ಮುಂದುವರಿಯಿತು, ಹೆಸರು ಬದಲಾಯಿತು.

ಅಂತಿಯೋಕ್ (ಧರ್ಮಯುದ್ಧದಲ್ಲಿ ಗೆದ್ದ, ಸಿರಿಯಾ ಕಡೆಯ ನಗರ) ಕವಲಿನಲ್ಲೂ ಹೀಗೇ. ರಾಬರ್ಟನ ಮಗ ಬೊಹೆಮಂಡ್ 1098ರಲ್ಲಿ ಅಲ್ಲಿ ನೆಲೆಯಾದ. 1268ರವರೆಗೂ ಓಟ್‌ವಿಲ್ ಆಳಿದರು ಎಂದು ಬರೆಯುವವರಿದ್ದಾರೆ. ಗಂಡು ಸಂತಾನ 1130ರಲ್ಲಿ ಇಮ್ಮಡಿ ಬೊಹೆಮಂಡ್‌ನೊಂದಿಗೆ ಮುಗಿಯಿತು. ನಂತರದವರು ಮಗಳ ಕಡೆಯವರು, ಪ್ವಾತಿಯೇ ಮನೆತನ.

ದಫ್ತರಖಾನೆ

ಮನೆತನಕ್ಕಿಂತ ಪತ್ರ ಹೆಚ್ಚು ಬಾಳಿತು. 1098ರಲ್ಲಿ ಪೋಪ್ ಎರಡನೇ ಅರ್ಬನ್ ಒಂದನೇ ರೋಜರ್‌ಗೆ ಸಿಸಿಲಿಯ ಚರ್ಚಿನ ಮೇಲೆ ತನ್ನ ಪ್ರತಿನಿಧಿಯ ಅಧಿಕಾರ ಬರೆದುಕೊಟ್ಟಿದ್ದ. ಆ ಒಂದು ಪತ್ರ ಹಿಡಿದು ನಂತರದ ಎಲ್ಲ ರಾಜವಂಶಗಳೂ ಪೋಪರೊಡನೆ ಜಗಳವಾಡಿದವು. ಇಟಲಿ ಸರ್ಕಾರ ಅದನ್ನು ಬಿಟ್ಟುಕೊಟ್ಟದ್ದು 1871ರಲ್ಲಿ.

ಹೊಸಓದು

ತಿದ್ದಿದ ಕರಡು:

1. ಕೊಟಾಂಟೆನ್‌ನ ಸಣ್ಣ ಯಜಮಾನ ಟ್ಯಾಂಕ್ರೆಡ್‌ನ ಹನ್ನೆರಡು ಗಂಡುಮಕ್ಕಳಲ್ಲಿ ಹಲವರು ಕೂಲಿ ಸವಾರರಾಗಿ ಇಟಲಿಗೆ ಹೋದರು. 1059ರಲ್ಲಿ ಪೋಪನ ಒಪ್ಪಿಗೆ ಪಡೆದು ಸಿಸಿಲಿಯನ್ನೂ ಗೆದ್ದರು.
2. ವಿಯೆನ್ನಾದಲ್ಲಿರುವ ಕೆಂಪು ಮೇಲುಹೊದಿಕೆ ಹಿಜರಿ 528ರಲ್ಲಿ, ಅಂದರೆ 1133–34ರಲ್ಲಿ, ಪಲೆರ್ಮೊದ ಅರಮನೆಯಲ್ಲಿ ತಯಾರಾಯಿತು. ರೋಜರನ ಪಟ್ಟಾಭಿಷೇಕಕ್ಕೆ ಅದು ಇರಲಿಲ್ಲ.
3. ಮೂರು ಭಾಷೆಯ ಕಚೇರಿ ಈ ಮನೆತನದ ಆಡಳಿತದ ಬೆನ್ನೆಲುಬು. ಆ ಕಚೇರಿಯ ಪಟ್ಟಿಗಳೇ ಮುಸ್ಲಿಂ ರೈತರನ್ನು ನೆಲಕ್ಕೆ ಕಟ್ಟಿಹಾಕಿದವು.

ಅಡಲೇಡಳ ಪತ್ರ: ಸೃಷ್ಟಿವರ್ಷ 6617, ಇಂಡಿಕ್ಷನ್ 2. ಮಾರ್ಚ್ ಆದ್ದರಿಂದ 3 ಕೂಡಿಸಿದ್ದೇನೆ.

ದಫ್ತರಖಾನೆ

ಎರಡೂ ಸರಿ.

ಲಾಳಕಟ್ಟು

ಒಂದನೆಯದರಲ್ಲಿ ‘ಗೆದ್ದರು’ ಅಂತ ಒಂದೇ ಪದದಲ್ಲಿ ಮುಗಿಸಬೇಡಿ, ಮೂವತ್ತು ವರ್ಷ ಬಡಿದಾಡಿದ್ದಾರೆ.

ಹೊಸಓದು

1061ರಿಂದ 1091ರವರೆಗೆ ಎಂದು ಸೇರಿಸಿದೆ.